ಓದಿದ್ದು ಲೆಕ್ಕಕ್ಕೆ ಬರಬೇಕು: ಹೈಸ್ಕೂಲಿನಿಂದಲೇ ಕಾಲೇಜಿನ ಕ್ರೆಡಿಟ್

(ಸಂಘದ ವಾರ್ಷಿಕೋತ್ಸವ ಮತ್ತು ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು, ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಸನ್ಮಾನದ ಸಭೆಯಲ್ಲಿ ಭಾಷಣ ಮಾಡುವವನ ಕಷ್ಟ ನಿಮಗೆ ಗೊತ್ತು. ಮಕ್ಕಳ ಕಣ್ಣು ಮೇಜಿನ ಮೇಲಿರುವ ಶೀಲ್ಡುಗಳ ಮೇಲೆ, ದೊಡ್ಡವರ ಕಣ್ಣು ಗಡಿಯಾರದ ಮೇಲೆ. ಆದ್ದರಿಂದ ವಿದ್ಯೆಯ ಮಹತ್ವವನ್ನು ನಾನು ಹೇಳಲು ಹೋಗುವುದಿಲ್ಲ. ಅದು ಗೊತ್ತಿಲ್ಲದವರು ಈ ಸಭೆಗೆ ಬಂದಿಲ್ಲ. ಈಚೆಗೆ ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವ ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ. "ಸಾರ್, ನಮ್ಮ ಸಂಬಂಧಿಕರ ಹುಡುಗ ಅಮೆರಿಕದಲ್ಲಿ ಹನ್ನೊಂದನೇ ಕ್ಲಾಸಿನಲ್ಲಿದ್ದಾನೆ, ಈಗಲೇ ಕಾಲೇಜಿನ ಪಾಠ ಓದಿ ಕ್ರೆಡಿಟ್ ತಗೊಂಡಿದ್ದಾನಂತೆ. ಕಾಲೇಜಿಗೆ ಹೋದಾಗ ಅಷ್ಟು ಓದು ಕಡಿಮೆಯಂತೆ. ನಮ್ಮ ಮಕ್ಕಳಿಗೆ ಹಾಗೆ ಆಗಲ್ವಾ?" ಎಂಬುದೇ ಆ ಪ್ರಶ್ನೆ.

ಅವರು ಕೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಈ ವ್ಯವಸ್ಥೆ ಬಹಳ ಹಿಂದಿನಿಂದ ಇದೆ. ಅಲ್ಲಿ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬ ಪರೀಕ್ಷೆಗಳು 1950ರ ದಶಕದಿಂದ ನಡೆಯುತ್ತಿವೆ. ಒಂದರಿಂದ ಐದರವರೆಗೆ ಅಂಕ. ಮೂರೋ ನಾಲ್ಕೋ ಬಂದರೆ ಎಷ್ಟೋ ಕಾಲೇಜುಗಳು ಆ ವಿಷಯವನ್ನು ಓದಿದಂತೆಯೇ ಎಂದು ಒಪ್ಪುತ್ತವೆ. ಮಿನೆಸೋಟ ಎಂಬ ರಾಜ್ಯವಂತೂ 1985ರಲ್ಲಿ ಕಾನೂನನ್ನೇ ಮಾಡಿ, ಹೈಸ್ಕೂಲಿನ ಕೊನೆಯ ತರಗತಿಗಳ ಮಕ್ಕಳು ಕಾಲೇಜಿಗೆ ಹೋಗಿ ಪಾಠ ಕೇಳಲು, ಅದು ಎರಡೂ ಕಡೆ ಲೆಕ್ಕಕ್ಕೆ ಬರಲು ದಾರಿ ಮಾಡಿತು. ಖರ್ಚು ಸರ್ಕಾರದ್ದು. ಅಲ್ಲಿ ಕಾಲೇಜಿನ ಶುಲ್ಕ ತೀರಾ ದುಬಾರಿಯಾದ್ದರಿಂದ ಒಂದು ವರ್ಷ ಉಳಿದರೂ ಕುಟುಂಬಕ್ಕೆ ದೊಡ್ಡ ಹಣ ಉಳಿಯುತ್ತದೆ.

ಹಾಗಾದರೆ ನಮ್ಮಲ್ಲಿ? ನೇರವಾಗಿ ಹೇಳಿಬಿಡುತ್ತೇನೆ. ಎಸ್.ಎಸ್.ಎಲ್.ಸಿ. ಓದುತ್ತಾ ಓದುತ್ತಾ ಬಿ.ಎ. ಅಥವಾ ಬಿ.ಎಸ್ಸಿ.ಯ ಒಂದು ಪತ್ರಿಕೆ ಮುಗಿಸಿಕೊಳ್ಳುವ ಅವಕಾಶ ನಮ್ಮ ರಾಜ್ಯದ ಪಠ್ಯಕ್ರಮದ ಮಗುವಿಗೆ ಇಲ್ಲ. ಆದರೆ ಕಲಿತದ್ದನ್ನು ಮುಂದಿನ ಮೆಟ್ಟಿಲಿನಲ್ಲಿ ಲೆಕ್ಕಕ್ಕೆ ಹಿಡಿಸಿಕೊಳ್ಳುವ ಬಾಗಿಲುಗಳು ನಮ್ಮಲ್ಲೂ ಇವೆ. ಅವು ಅಮೆರಿಕದ ಬಾಗಿಲುಗಳಿಗಿಂತ ನಮ್ಮ ಮನೆಗಳ ಸ್ಥಿತಿಗೆ ಹೆಚ್ಚು ಹೊಂದುತ್ತವೆ ಎಂದೇ ನನ್ನ ಅಭಿಪ್ರಾಯ.

ಮೊದಲು ಕ್ರೆಡಿಟ್ ಎಂದರೇನು ನೋಡೋಣ. ಈ ಪದ ಕೇಳಿದರೆ ನಮ್ಮವರಿಗೆ ಬ್ಯಾಂಕಿನ ಸಾಲ ನೆನಪಾಗುತ್ತದೆ. ಇನ್ನು ಕೆಲವರಿಗೆ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದ ಗ್ರಾಮೀಣ ಕೃಪಾಂಕ ನೆನಪಾಗುತ್ತದೆ. ಸೊರಬದಲ್ಲಿ ನಿಂತು ಕೃಪಾಂಕವನ್ನು ಮರೆಯುವಂತಿಲ್ಲ! ಆದರೆ ಕೃಪಾಂಕ ಸರ್ಕಾರ ಕೊಡುವುದು, ಕ್ರೆಡಿಟ್ ನೀವು ದುಡಿಯುವುದು. ನಿಮ್ಮ ಮನೆಯ ಚಿಕ್ಕ ಮಗು ಬೆಳಿಗ್ಗೆ ಮಸೀದಿಯ ಮಕ್ತಬ್‌ಗೆ ಹೋಗುತ್ತದಲ್ಲ, ಅಲ್ಲಿ ನೋಡಿ. ಕಾಯಿದಾ ಮುಗಿಸಿದ ಮಗು ಅಮ್ಮಪಾರಾಕ್ಕೆ ಹೋಗುತ್ತದೆ, ಅದು ಮುಗಿದರೆ ನಾಜಿರಾ. ಆರು ವರ್ಷದ ಹುಡುಗಿ ಮುಂದೆ ಹೋಗಿ, ಎಂಟು ವರ್ಷದ ಅಣ್ಣ ಇನ್ನೂ ಕಾಯಿದಾದಲ್ಲೇ ಇದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಊರು ಬದಲಾಯಿಸಿ ಬೇರೆ ಮಕ್ತಬ್‌ಗೆ ಸೇರಿದರೆ ಅಲ್ಲಿನ ಹಜರತ್ ಎರಡು ಸಾಲು ಓದಿಸಿ ನೋಡಿ, ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದಲೇ ಶುರು ಮಾಡಿಸುತ್ತಾರೆ. ಮತ್ತೆ ಅಲಿಫ್‌ನಿಂದ ಹಿಡಿಯುವುದಿಲ್ಲ. ದೊಡ್ಡ ಮದರಸಾಗಳಲ್ಲಿಯೂ ಹಿಂದೆ ಒಂದೊಂದು ಗ್ರಂಥಕ್ಕೆ, ಅದನ್ನು ಓದಿಸಿದ ಉಸ್ತಾದರ ಇಜಾಜತ್ ದೊರೆಯುತ್ತಿತ್ತು. ವರ್ಷದ ಲೆಕ್ಕವಲ್ಲ, ಕಲಿಕೆಯ ಲೆಕ್ಕ. ಕ್ರೆಡಿಟ್ ಎಂದರೆ ಇಷ್ಟೇ.

ಸರ್ಕಾರಿ ಪರೀಕ್ಷೆಯಲ್ಲಿಯೂ ಅದರ ಒಂದು ಅಂಶ ಆಗಲೇ ಇದೆ. ಪಿ.ಯು.ಸಿ.ಯಲ್ಲಿ ಆರರಲ್ಲಿ ಎರಡು ವಿಷಯ ಹೋದರೆ ಆ ಎರಡನ್ನೇ ಮತ್ತೆ ಬರೆಯುತ್ತೀರಿ. ಪಾಸಾದ ನಾಲ್ಕು ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದಾಗ ಈ ಸೌಲಭ್ಯ ಇನ್ನೂ ಹೆಚ್ಚಾಯಿತು. ಆದರೂ ನಮ್ಮಲ್ಲಿ ಒಂದು ವಿಷಯ ಹೋದ ಹುಡುಗನ ಬಗ್ಗೆ "ಅವನು ಫೇಲು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಐದು ವಿಷಯ ಪಾಸಾದವನು ಎಂದು ಯಾರೂ ಹೇಳುವುದಿಲ್ಲ.

ಈಗ ವಿಷಯಕ್ಕೆ ಬರೋಣ. ನಮ್ಮ ಮಕ್ಕಳ ಓದು ಎಲ್ಲಿ ನಿಲ್ಲುತ್ತದೆ? ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಎಲ್ಲಾ ಕಡೆ ಒಂದೇ ಕಥೆ. ಗಂಡು ಮಕ್ಕಳಾದರೆ ಎಸ್.ಎಸ್.ಎಲ್.ಸಿ. ಆದ ಮೇಲೆ, ಕೆಲವರು ಅದಕ್ಕೂ ಮೊದಲೇ, ಗ್ಯಾರೇಜು, ಬೇಕರಿ, ಹಣ್ಣಿನ ಅಂಗಡಿ, ಶುಂಠಿ ವ್ಯಾಪಾರ ಎಂದು ಹೋಗುತ್ತಾರೆ. ಹೆಣ್ಣು ಮಕ್ಕಳು ಅಡಿಕೆ ಸುಗ್ಗಿಯಲ್ಲಿ ತಾಯಿಯ ಜೊತೆ ಸುಲಿಯಲು ಕೂತವರು ಮತ್ತೆ ಎದ್ದು ಕಾಲೇಜಿಗೆ ಬರುವುದಿಲ್ಲ. ಬಂದರೂ ಪಿ.ಯು.ಸಿ. ನಡುವೆ ಸಂಬಂಧ ಕೂಡಿಬರುತ್ತದೆ. 2020-21ರ ಕೊರೋನಾ ಕಾಲದಲ್ಲಿ ಮೊಬೈಲ್ ಇಲ್ಲದೆ ಓದು ಬಿಟ್ಟವರಿದ್ದಾರೆ. 2022ರಲ್ಲಿ ಶಿರವಸ್ತ್ರದ ಪ್ರಶ್ನೆ ಕಾಲೇಜುಗಳ ಬಾಗಿಲಿಗೆ ಬಂದು, ಆ ವರ್ಷದ ಮಾರ್ಚ್‌ನಲ್ಲಿ ಹೈಕೋರ್ಟಿನ ತೀರ್ಪೂ ಬಂದಾಗ, ಪರೀಕ್ಷೆಯ ಹೊತ್ತಿಗೇ ಮನೆಯಲ್ಲಿ ಉಳಿದವರೂ ರಾಜ್ಯದಲ್ಲಿ ಇದ್ದರು. ಆ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ, ನ್ಯಾಯಾಲಯಗಳು ಇವೆ. ನಾನು ಶಿಕ್ಷಕ, ನನಗೆ ಕಾಣುವುದು ನಿಂತುಹೋದ ಓದು ಮಾತ್ರ. ಅಮೆರಿಕದ ಮಗುವಿಗೆ ಕ್ರೆಡಿಟ್ ಬೇಕಾಗಿರುವುದು ಬೇಗ ಹೋಗಲಿಕ್ಕೆ. ನಮ್ಮ ಮಗುವಿಗೆ ಅದು ಬೇಕಾಗಿರುವುದು ನಡುವೆ ನಿಂತರೂ ಓದಿದ್ದು ಹಾಳಾಗದಿರಲಿಕ್ಕೆ.

ಹೀಗೆ ನೋಡಿದರೆ ನಮ್ಮ ಜಿಲ್ಲೆಯ ಮಗುವಿಗೆ ಅತಿ ಗಟ್ಟಿಯಾದ ಬಾಗಿಲು ಪಾಲಿಟೆಕ್ನಿಕ್. ಇದು ಹೊಸ ಸುದ್ದಿಯಲ್ಲ, ಆದರೆ ಇದರ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದವರು ಕಡಿಮೆ. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ. ಅದು ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಪ್ಲೊಮಾ ಸಿ.ಇ.ಟಿ. ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಮೊದಲ ವರ್ಷ ಓದಬೇಕಾಗಿಲ್ಲ. ಯಾಕೆ? ಹದಿನಾರು, ಹದಿನೇಳನೇ ವಯಸ್ಸಿನಲ್ಲಿ ಪಾಲಿಟೆಕ್ನಿಕ್‌ನಲ್ಲಿ ಓದಿದ್ದನ್ನು ಆ ಮೊದಲ ವರ್ಷದ ಬದಲಿಗೆ ಒಪ್ಪಿಕೊಂಡಿದ್ದಾರೆ. ಬೇರೆ ಮಕ್ಕಳು ಪಿ.ಯು.ಸಿ. ಓದುವ ವಯಸ್ಸಿನಲ್ಲಿ ನೀವು ಕಾಲೇಜಿನ ಒಂದು ವರ್ಷವನ್ನು ಸಂಪಾದಿಸಿದಂತೆ ಆಯಿತು. ನಮ್ಮ ಪೋಷಕರು ಕೇಳಿದ ಪ್ರಶ್ನೆಗೆ ನಮ್ಮ ಊರಿನ ಉತ್ತರ ಇದು.

ಇಲ್ಲಿ ಬುದ್ಧಿವಂತ ಹುಡುಗ ಎದ್ದು ಕೇಳುತ್ತಾನೆ: ಸಾರ್, ಪಿ.ಯು.ಸಿ. ಎರಡು, ಬಿ.ಇ. ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿ.ಇ. ಮೂರು, ಅದೂ ಆರೇ. ಉಳಿದದ್ದೇನು? ಒಳ್ಳೆಯ ಪ್ರಶ್ನೆ. ವರ್ಷ ಏನೂ ಉಳಿಯಲಿಲ್ಲ. ಆದರೆ ಮಧ್ಯದಲ್ಲಿ ನಿಂತು ನೋಡಿ. ಅಪ್ಪನಿಗೆ ಕಾಯಿಲೆ ಬಂತು, ಮೂರನೇ ವರ್ಷಕ್ಕೆ ಓದು ನಿಂತಿತು ಎಂದಿಟ್ಟುಕೊಳ್ಳಿ. ಒಬ್ಬನ ಕೈಯಲ್ಲಿ ಪಿ.ಯು.ಸಿ. ಮತ್ತು ಅರ್ಧ ಬಿ.ಇ. ಇದೆ, ಅದಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ಇನ್ನೊಬ್ಬನ ಕೈಯಲ್ಲಿ ಡಿಪ್ಲೊಮಾ ಇದೆ. ಅವನು ಕಿರಿಯ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು, ಕಾರ್ಖಾನೆಗೆ ಹೋಗಬಹುದು, ನಾಲ್ಕು ಕಾಸು ಕೂಡಿಟ್ಟು ಮತ್ತೆ ಎರಡನೇ ವರ್ಷದ ಬಿ.ಇ.ಗೆ ಬರಬಹುದು.

ಹೆಣ್ಣು ಮಕ್ಕಳ ತಂದೆ ತಾಯಂದಿರಿಗೆ ಇದನ್ನು ಇನ್ನೊಂದು ಸಲ ಹೇಳಬೇಕು. ಹದಿನಾರಕ್ಕೆ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಗೆ ಕಾನೂನಿನ ಪ್ರಕಾರ ಹದಿನೆಂಟರವರೆಗೆ ಹೇಗೂ ಮದುವೆ ಮಾಡುವಂತಿಲ್ಲ. ಆ ಎರಡು ವರ್ಷದ ಜೊತೆಗೆ ಇನ್ನೊಂದು ವರ್ಷ ಕೊಡಿ. ಹತ್ತೊಂಬತ್ತಕ್ಕೆ ಅವಳ ಕೈಯಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಇರುತ್ತದೆ. ಆಮೇಲೆ ಸಂಬಂಧ ಬಂದರೂ, ಮದುವೆಯಾದ ಊರಿನಿಂದಲೇ ಅವಳು ಮುಂದಿನ ಮೆಟ್ಟಿಲು ಹತ್ತಬಹುದು. ಆ ಒಂದು ವರ್ಷ ತಡೆಯಲಾರದ ಗಂಡಿನ ಕಡೆಯವರ ಬಗ್ಗೆ ನನ್ನ ಅಭಿಪ್ರಾಯವನ್ನು ಈ ವೇದಿಕೆಯ ಮೇಲೆ ಹೇಳದಿರುವುದೇ ಒಳ್ಳೆಯದು.

ಅಡ್ಡಿಗಳನ್ನೂ ಹೇಳಬೇಕು. ಡಿಪ್ಲೊಮಾದಿಂದ ಬಂದ ವಿದ್ಯಾರ್ಥಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಪಾಸು ಮಾಡಬೇಕು. ಬಿಟ್ಟುಹೋದ ಮೊದಲ ವರ್ಷದ ಗಣಿತಕ್ಕೆ ಅದು ಸೇತುವೆ. ಅನೇಕರು ಎಡವುವುದು ಇಲ್ಲೇ. ಆದ್ದರಿಂದ ಎಂಟನೇ ತರಗತಿಯಿಂದ ಗಣಿತಕ್ಕೆ ಹೆದರುವ ಅಭ್ಯಾಸ ಬಿಡಿ. ಎರಡನೆಯದು, ಡಾಕ್ಟರ್ ಆಗಬೇಕೆನ್ನುವವರಿಗೆ ಈ ದಾರಿ ಅಲ್ಲವೇ ಅಲ್ಲ. ನೀಟ್ ಪರೀಕ್ಷೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ ಪಿ.ಯು.ಸಿ. ಅಥವಾ ಅದಕ್ಕೆ ಸಮನಾದ ಪರೀಕ್ಷೆ ಆಗಿರಲೇಬೇಕು. ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಇನ್ನೊಂದು ಅನುಕೂಲ ಇದೆ. ಅವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ ನೇರವಾಗಿ ಸೇರಬಹುದು. ನೀಟ್, ಸಿ.ಇ.ಟಿ.ಯಲ್ಲಿ ಸೀಟು ಸಿಗದೆ ಮನೆಯಲ್ಲಿ ಕುಳಿತವರು ಇದನ್ನು ಯಾಕೆ ನೆನಪಿಸಿಕೊಳ್ಳುವುದಿಲ್ಲವೋ ನನಗೆ ತಿಳಿಯದು. ಡಿ.ಫಾರ್ಮಾ ಮಾಡಿದವರಿಗೂ ಬಿ.ಫಾರ್ಮಾದ ಎರಡನೇ ವರ್ಷಕ್ಕೆ ಇದೇ ರೀತಿಯ ಪ್ರವೇಶ ಇದೆ.

ಐ.ಟಿ.ಐ. ಬಗ್ಗೆ ನಮ್ಮಲ್ಲಿ ಒಂದು ತಾತ್ಸಾರ ಇದೆ. "ಓದಲಾಗದವನು ಐ.ಟಿ.ಐ.ಗೆ" ಎಂಬ ಮಾತು. ಎಲೆಕ್ಟ್ರೀಷಿಯನ್, ಫಿಟ್ಟರ್ ಮುಂತಾದ ಎರಡು ವರ್ಷದ ಟ್ರೇಡ್ ಪಾಸಾದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. ಅಂದರೆ ಗ್ಯಾರೇಜಿಗೆ ಹೋಗಲೇಬೇಕೆಂದು ಹಟ ಹಿಡಿದ ಹುಡುಗ ಮೊದಲು ಎರಡು ವರ್ಷ ಐ.ಟಿ.ಐ. ಮಾಡಿ ಹೋದರೆ, ಇಪ್ಪತ್ತೆರಡನೇ ವಯಸ್ಸಿಗೆ ಬುದ್ಧಿ ಬಂದಾಗಲೂ ಅವನಿಗೆ ಬಾಗಿಲು ತೆರೆದೇ ಇರುತ್ತದೆ. ಗ್ಯಾರೇಜಿನಲ್ಲಿ ಹತ್ತು ವರ್ಷ ಕಲಿತವನ ಕೈಯ ಕೆಲಸ ಐ.ಟಿ.ಐ. ಹುಡುಗನಿಗಿಂತ ಚೆನ್ನಾಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅವನ ಕಲಿಕೆಗೆ ಕಾಗದ ಇಲ್ಲ, ಮುಂದಿನ ಮೆಟ್ಟಿಲಿನವರು ಅದನ್ನು ಕಾಣುವುದಿಲ್ಲ. ಸೇರುವ ಮೊದಲು ಒಂದು ಎಚ್ಚರ: ಒಂದು ವರ್ಷದ ಟ್ರೇಡ್‌ಗಳಿಗೆ ಈ ನೇರ ಪ್ರವೇಶ ಇಲ್ಲ. ಅರ್ಜಿ ಹಾಕುವ ದಿನವೇ ಟ್ರೇಡ್ ಎಷ್ಟು ವರ್ಷದ್ದು ಎಂದು ಕೇಳಿ.

ಉರ್ದು ಮಾಧ್ಯಮದ ಮಕ್ಕಳು "ಸಾರ್, ಪಾಲಿಟೆಕ್ನಿಕ್‌ನಲ್ಲಿ ಎಲ್ಲಾ ಇಂಗ್ಲಿಷು" ಎಂದು ಹಿಂದೆ ಸರಿಯುತ್ತಾರೆ. ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ 1998ರಲ್ಲಿ ಸಂಸತ್ತಿನ ಕಾಯಿದೆಯಿಂದ ಆದ ಕೇಂದ್ರೀಯ ವಿಶ್ವವಿದ್ಯಾಲಯ. ಅದರ ಪಾಲಿಟೆಕ್ನಿಕ್ ಒಂದು ಬೆಂಗಳೂರಿನಲ್ಲಿಯೇ ಇದೆ. ಅಲ್ಲಿ ಪಾಠ ಉರ್ದುವಿನಲ್ಲಿ, ತಾಂತ್ರಿಕ ಪದಗಳು ಹೇಗೂ ಇಂಗ್ಲಿಷಿನಲ್ಲಿ. ಉರ್ದುವನ್ನು ಮಾಧ್ಯಮವಾಗಿ ಅಥವಾ ಭಾಷೆಯಾಗಿ ಓದಿದವರಿಗೆ ಅದು ಇರುವುದು. ನಾನು ಎರಡೂ ಭಾಷೆಯ ಶಿಕ್ಷಕ. ಉರ್ದುವಿನಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸುತ್ತೇನೆ. ಹಾಗೆಯೇ ಕನ್ನಡವನ್ನು ಅಸಡ್ಡೆ ಮಾಡುವ ನಮ್ಮ ಮಕ್ಕಳಿಗೂ ಹೇಳುತ್ತೇನೆ: ಈ ರಾಜ್ಯದಲ್ಲಿ ಯಾವ ಕಚೇರಿಯ ಬಾಗಿಲಿಗೆ ಹೋದರೂ ಅರ್ಜಿ ಕನ್ನಡದಲ್ಲೇ.

ಓದು ಬಿಟ್ಟವರ ಮಾತಿಗೆ ಬರುತ್ತೇನೆ. ಈ ಸಭೆಯಲ್ಲಿ ಶೀಲ್ಡು ತೆಗೆದುಕೊಳ್ಳುವವರು ಮಾತ್ರ ಇಲ್ಲ, ಅವರ ಅಕ್ಕಂದಿರೂ ಇದ್ದಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್.ಐ.ಓ.ಎಸ್. ಎನ್ನುತ್ತಾರೆ, 1989ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಅದರ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆಗಳಿಗೆ ಐದು ವಿಷಯ ಸಾಕು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಸಮಯ, ಒಂಬತ್ತು ಅವಕಾಶ. ಒಂದು ಸಲಕ್ಕೆ ಒಂದೇ ವಿಷಯ ಬರೆದರೂ ನಡೆಯುತ್ತದೆ, ಪಾಸಾದದ್ದು ಕೂಡುತ್ತಾ ಹೋಗುತ್ತದೆ. ಬೇರೆ ಮಾನ್ಯ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕವನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಇದಕ್ಕೆ ಅವರೇ ಇಟ್ಟ ಹೆಸರು ಕ್ರೆಡಿಟ್ ವರ್ಗಾವಣೆ. ಅಂದರೆ ಪಿ.ಯು.ಸಿ.ಯಲ್ಲಿ ಉರ್ದು, ಇತಿಹಾಸ ಪಾಸಾಗಿ ಉಳಿದದ್ದರಲ್ಲಿ ಕೈಬಿಟ್ಟ ಹುಡುಗಿ ಆ ಎರಡನ್ನು ತಂದು, ಇನ್ನು ಮೂರನ್ನು ಬರೆದರೆ ಆಯಿತು. ಹತ್ತನೆಯದನ್ನೂ ಹನ್ನೆರಡನೆಯದನ್ನೂ ಉರ್ದು ಮಾಧ್ಯಮದಲ್ಲಿ ಬರೆಯಬಹುದು. 2016ರಲ್ಲಿ ಆದ ಒಪ್ಪಂದದ ಪ್ರಕಾರ ಐ.ಟಿ.ಐ. ಮಾಡಿದವರು ಕೂಡ ಟ್ರೇಡ್‌ನ ಅಂಕಗಳನ್ನು ಇಲ್ಲಿಗೆ ತಂದು, ಭಾಷೆ ಮುಂತಾದ ಬಾಕಿ ವಿಷಯಗಳನ್ನಷ್ಟೇ ಬರೆದು ಪ್ರಮಾಣಪತ್ರ ಪಡೆಯಲು ಅವಕಾಶ ಇದೆ.

ಹಿಫ್ಜ್ ಮಾಡುತ್ತಿರುವ ಮಕ್ಕಳ ತಂದೆಯರು ಇದನ್ನು ಗಮನಿಸಬೇಕು. ಐದನೇ ತರಗತಿಗೆ ಶಾಲೆ ಬಿಡಿಸಿ ಮದರಸಾಕ್ಕೆ ಕಳಿಸಿದಿರಿ, ಮಗ ಹಾಫಿಜ್ ಆದ, ಮಾಷಾ ಅಲ್ಲಾಹ್. ಆದರೆ ಹದಿನೈದಕ್ಕೆ ಅವನ ಬಳಿ ಶಾಲೆಯ ಟಿ.ಸಿ. ಇಲ್ಲ. ಎನ್.ಐ.ಓ.ಎಸ್.ನ ಹತ್ತನೇ ತರಗತಿಗೆ ಹದಿನಾಲ್ಕು ವರ್ಷ ತುಂಬಿದ್ದು, ಓದಲು ಬರೆಯಲು ಬರುತ್ತದೆಂಬ ಸ್ವಂತ ಘೋಷಣೆ ಇದ್ದರೂ ಸೇರಬಹುದು. ಮುಂದೆ ಆಲಿಮ್ ಆದವರಿಗೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ 2013ರಲ್ಲಿ ಬ್ರಿಡ್ಜ್ ಕೋರ್ಸ್ ಆರಂಭಿಸಿತು. ಮದರಸಾದ ಓದನ್ನು ಒಪ್ಪಿ ಪದವಿ ತರಗತಿಗೆ ತಯಾರು ಮಾಡುವುದು ಅದರ ಕೆಲಸ. ಯಾವ ಮದರಸಾದ ಸನದನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂಬ ಪಟ್ಟಿ ಬೇರೆ ಬೇರೆ ಇರುತ್ತದೆ. ಮಗುವನ್ನು ಸೇರಿಸುವ ಮೊದಲು ಕೇಳಿ, ಎಂಟು ವರ್ಷ ಕಳೆದ ಮೇಲೆ ಅಲ್ಲ.

ಇನ್ನು ಪತ್ರಿಕೆಗಳಲ್ಲಿ ಬರುತ್ತಿರುವ ಹೊಸ ಕ್ರೆಡಿಟ್ ವ್ಯವಸ್ಥೆ. 2021ರ ಜುಲೈನಲ್ಲಿ ಯು.ಜಿ.ಸಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದನ್ನು ತಂದಿತು. ಬ್ಯಾಂಕಿನಲ್ಲಿ ಖಾತೆ ತೆರೆದಂತೆ ವಿದ್ಯಾರ್ಥಿಗೆ ಖಾತೆ; ಗಳಿಸಿದ ಕ್ರೆಡಿಟ್ ಅಲ್ಲಿ ಜಮಾ, ಏಳು ವರ್ಷದವರೆಗೆ ಬಳಸಬಹುದು. 2023ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದನ್ನು ಶಾಲೆಗೂ ವಿಸ್ತರಿಸಿತು. ಮೂವತ್ತು ಗಂಟೆ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1200 ಗಂಟೆ ಎಂದರೆ 40 ಕ್ರೆಡಿಟ್. ತರಗತಿಯ ಪಾಠ ಮಾತ್ರವಲ್ಲ, ಆಟ, ಕಸುಬು, ಪ್ರಾಯೋಗಿಕ ಕೆಲಸ ಎಲ್ಲವೂ ಗಂಟೆಯ ಲೆಕ್ಕಕ್ಕೆ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ತಪ್ಪು ತಿಳಿಯಬೇಡಿ. ಅದರಲ್ಲಿ ಹತ್ತನೇ ತರಗತಿ ಮೂರನೇ ಮೆಟ್ಟಿಲು, ಹನ್ನೆರಡನೆಯದು ನಾಲ್ಕನೆಯದು, ಪದವಿ ಶುರುವಾಗುವುದು ನಾಲ್ಕೂವರೆಯಿಂದ. ಶಾಲೆಯಲ್ಲಿ ಕೂಡಿಟ್ಟ ಕ್ರೆಡಿಟ್‌ನಿಂದ ಪದವಿಯ ವರ್ಷ ತಾನಾಗಿ ಕಡಿಮೆಯಾಗುವುದಿಲ್ಲ. ಎಸ್.ಎಸ್.ಎಲ್.ಸಿ. ವೇಳಾಪಟ್ಟಿಯಲ್ಲಿ ಎನ್.ಎಸ್.ಕ್ಯೂ.ಎಫ್. ಎಂಬ ಹೆಸರಿನಲ್ಲಿ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್ ಮುಂತಾದ ವಿಷಯಗಳನ್ನು ನೋಡಿರುತ್ತೀರಿ. ಅವು ಕಸುಬಿನ ಮೆಟ್ಟಿಲುಗಳು, ಒಳ್ಳೆಯವೇ. ಅವನ್ನು ಕಾಲೇಜಿನ ಕ್ರೆಡಿಟ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಯಮಗಳು ಎಷ್ಟು ಬೇಗ ಬದಲಾಗುತ್ತವೆ ಎನ್ನುವುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, ಒಂದನೇ ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ ಎಂದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೇ ಬಂದೆವು. ಅಣ್ಣನಿಗೆ ಇದ್ದದ್ದು ತಮ್ಮನಿಗಿಲ್ಲ. ಆದ್ದರಿಂದ ಅಣ್ಣನನ್ನು ಕೇಳಿ ಸೇರಬೇಡಿ, ಆ ವರ್ಷದ ಆದೇಶ ನೋಡಿ ಸೇರಿ.

ಹೈಸ್ಕೂಲು, ಪಿ.ಯು.ಸಿ. ಓದುತ್ತಲೇ ಕಾಲೇಜಿನ ಪಾಠದ ರುಚಿ ನೋಡಬೇಕೆನ್ನುವ ಚುರುಕು ಮಕ್ಕಳಿಗೆ ದಾರಿ ಇಲ್ಲವೇ? ಇದೆ. 2017ರಲ್ಲಿ ಆರಂಭವಾದ ಸ್ವಯಂ ಜಾಲತಾಣದಲ್ಲಿ ಪಾಠ ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ಅಲ್ಲಿ ಪಡೆದದ್ದನ್ನು ಕ್ರೆಡಿಟ್ ಆಗಿ ಒಪ್ಪುವುದು ನೀವು ಮುಂದೆ ಸೇರುವ ಕಾಲೇಜಿನ ಕೈಯಲ್ಲಿದೆ, ಅದನ್ನು ನೆಚ್ಚಿಕೊಂಡು ಓದಬೇಡಿ. ಇದಕ್ಕಿಂತ ಹತ್ತಿರದ್ದು ಐ.ಐ.ಟಿ. ಮದ್ರಾಸ್ 2020ರಲ್ಲಿ ಪ್ರಕಟಿಸಿದ ಡೇಟಾ ಸೈನ್ಸ್ ಪದವಿ. ಜೆ.ಇ.ಇ. ಬೇಕಿಲ್ಲ. ಮನೆಯಿಂದಲೇ ಪಾಠ, ಪರೀಕ್ಷೆ ಮಾತ್ರ ಕೇಂದ್ರದಲ್ಲಿ. ಪ್ರಥಮ ಪಿ.ಯು.ಸಿ. ಮುಗಿಸಿದವರು ಅದರ ನಾಲ್ಕು ವಾರದ ಅರ್ಹತಾ ಪಾಠ ಓದಿ, ಪರೀಕ್ಷೆ ಬರೆದು ಪಾಸಾಗಿರಬಹುದು, ದ್ವಿತೀಯ ಪಿ.ಯು.ಸಿ. ಆದ ಕೂಡಲೇ ಸೇರಬಹುದು. ಮನೆಯ ಆದಾಯ ಕಡಿಮೆ ಇದ್ದರೆ ಶುಲ್ಕದಲ್ಲಿ ರಿಯಾಯಿತಿ ಇದೆ. ಪಾಠ ಇಂಗ್ಲಿಷಿನಲ್ಲಿ, ಗಣಿತ ಬಿಗಿ. ಎಲ್ಲರಿಗೂ ಅಲ್ಲ. ಆದರೆ ಶಿರಾಳಕೊಪ್ಪದ ಮನೆಯಲ್ಲಿ ಕುಳಿತು ಐ.ಐ.ಟಿ. ಪಾಠ ಓದುವ ಹುಡುಗಿಗೆ ಬಸ್ಸು, ಹಾಸ್ಟೆಲ್ಲು, ನೆರೆಯವರ ಮಾತು ಯಾವುದರ ತೊಂದರೆಯೂ ಇಲ್ಲ.

ದೂರದ ಮಾತೆಲ್ಲ ಹೊಸದೇನಲ್ಲ ನಮ್ಮ ನಾಡಿಗೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ, ಮಯೂರಶರ್ಮ ಗುರು ವೀರಶರ್ಮನ ಜೊತೆ ಇಲ್ಲಿಂದ ಕಾಂಚಿಯ ಘಟಿಕೆಗೆ ಓದಲು ಹೋದದ್ದನ್ನು ಹೇಳುತ್ತದೆ. ಬಳ್ಳಿಗಾವೆಯ ಕೋಡಿಯಮಠದಲ್ಲಿ ಹನ್ನೆರಡನೇ ಶತಮಾನದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂಬುದೂ ಶಾಸನದಲ್ಲೇ ಇದೆ. ಇಂಥ ಮಣ್ಣಿನ ಮಕ್ಕಳು ಶಿವಮೊಗ್ಗದ ಬಸ್ಸು ಹತ್ತಲು ಹಿಂಜರಿಯುವುದು ಸರಿಯಲ್ಲ.

ಕೊನೆಗೆ ಎಚ್ಚರಿಕೆಯ ಮಾತು ಎರಡು. "ಒಂದೇ ವರ್ಷದಲ್ಲಿ ಡಿಗ್ರಿ", "ಎಸ್.ಎಸ್.ಎಲ್.ಸಿ. ಫೇಲಾದವರಿಗೆ ನೇರ ಬಿ.ಎ." ಎಂಬ ಚೀಟಿಗಳು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಇರುತ್ತವೆ. ಕ್ರೆಡಿಟ್ ಎಂಬ ಪದ ಬಂದ ಮೇಲೆ ಇವರಿಗೂ ಹೊಸ ಪದ ಸಿಕ್ಕಿದೆ. ಯು.ಜಿ.ಸಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಗಾಗ ಪ್ರಕಟಿಸುತ್ತದೆ, ನೋಡಿ. ನಕಲಿಯಲ್ಲದ ಕಡೆಯೂ ಎಚ್ಚರ ಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸರ್ಕಾರದ್ದೇ. ಆದರೂ 2012-13ರ ನಂತರದ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಯು.ಜಿ.ಸಿ. ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿ ಬಂತು. ನಡುವೆ ಓದಿದವರು ಪಟ್ಟ ಪಾಡು ರಾಜ್ಯಕ್ಕೆಲ್ಲ ಗೊತ್ತು. ಆದ್ದರಿಂದ ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಬರಹದಲ್ಲಿ ನೋಡಿಕೊಳ್ಳಿ. ಏಜೆಂಟರ ಬಾಯಿಮಾತು ಸಾಲದು.

ಇನ್ನೊಂದು, ನಮ್ಮವರದೇ ವಿಶೇಷ ತೊಂದರೆ: ಹೆಸರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಎಂ.ಡಿ. ಹುಡುಗಿಯರಾದರೆ ಒಂದು ಕಡೆ ಬಾನು, ಒಂದು ಕಡೆ ಬೇಗಂ, ಮತ್ತೊಂದು ಕಡೆ ಎರಡೂ ಇಲ್ಲ. ತಂದೆಯ ಹೆಸರಿನಲ್ಲಿ ಸಾಬ್ ಇದ್ದೂ ಇಲ್ಲ. ಕ್ರೆಡಿಟ್ ಖಾತೆ, ವಿದ್ಯಾರ್ಥಿವೇತನ, ಎನ್.ಐ.ಓ.ಎಸ್. ವರ್ಗಾವಣೆ ಎಲ್ಲವೂ ಈಗ ಕಂಪ್ಯೂಟರ್ ಮೂಲಕ, ಅದಕ್ಕೆ ಒಂದು ಅಕ್ಷರ ಬೇರೆಯಾದರೂ ಬೇರೆ ಮನುಷ್ಯ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಒಂಬತ್ತನೇ ತರಗತಿಯಲ್ಲಿರುವವರು ಈ ವಾರವೇ ಆಧಾರ್ ಕಾರ್ಡು, ಜನನ ಪ್ರಮಾಣಪತ್ರ ಹಿಡಿದು ನಿಮ್ಮ ಮುಖ್ಯೋಪಾಧ್ಯಾಯರ ಬಳಿ ಹೋಗಿ, ದಾಖಲಾತಿ ಪುಸ್ತಕದ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಹತ್ತನೇ ತರಗತಿಯವರು ಪರೀಕ್ಷೆಯ ನಾಮಪಟ್ಟಿಗೆ ಸಹಿ ಹಾಕುವ ಮೊದಲು ಓದಿ. ತಂದೆಗೆ ಓದಲು ಬಾರದಿದ್ದರೆ ನೀವೇ ಓದಿ ಹೇಳಿ.